ಎಲೆಯ ಪಾಠ ಕಲಿಸುವ ಸೋಲಾರ್ ಸೆಲ್ ಕಿಟ್: ಚಿಕ್ಕಮಗಳೂರಿನ ಶಾಲೆಗಳಿಗೆ ಆಗಿಬರುತ್ತಾ?

ಮೊದಲೇ ಹೇಳಿಬಿಡೋಣ: ಡಬ್ಬಿಯ ಮೇಲೆ ಎಲ್‌ಇಡಿ ಉರಿಯುವ ಚಿತ್ರವಿದೆ, ಅದನ್ನು ನಂಬಿ ಕೊಳ್ಳಬೇಡಿ. ಒಳಗಿರುವ ನಾಲ್ಕು ವಾಹಕ ಗಾಜಿನಲ್ಲಿ (ಒಂದು ಬದಿಯಲ್ಲಿ ವಿದ್ಯುತ್ ಹರಿಯುವ ಗಾಜು) ಆಗುವುದು ಎರಡೇ ಸೆಲ್. ಒಂದೊಂದರಿಂದ ಬರುವುದು ಹೆಚ್ಚೆಂದರೆ 0.4 ವೋಲ್ಟ್; ಕೆಂಪು ಎಲ್‌ಇಡಿಗೆ ಸುಮಾರು 1.8 ಬೇಕು.

ಪಾಠಕ್ಕಾದರೆ ಕಿಟ್ ಚೆನ್ನಾಗಿದೆ. 1991ರಲ್ಲಿ ವಿಜ್ಞಾನಿಗಳಾದ ಗ್ರೆಟ್ಜೆಲ್ ಮತ್ತು ಓ'ರೀಗನ್ ಪ್ರಕಟಿಸಿದ ವಿಧಾನವೇ ಇಲ್ಲಿರುವುದು. ಬೆಳಕು ಹೀರುವುದು ಬಣ್ಣ, ಎಲೆಕ್ಟ್ರಾನ್ ಸಾಗಿಸುವುದು ಅರೆವಾಹಕ. ಎಲೆಯಲ್ಲೂ ಹೀಗೇ ಕೆಲಸ ಹಂಚಿಕೆಯಾಗಿರುತ್ತದೆ. ಇಲ್ಲಿ ಅರೆವಾಹಕವಾಗಿರುವ ಟೈಟಾನಿಯಂ ಡೈಆಕ್ಸೈಡ್ ಪದರ ಬರೀ 10 ಮೈಕ್ರಾನ್, ಅದರ ರಂಧ್ರಗಳಿಗೆ ಅಂಟುವ ಬಣ್ಣ ಒಂದೇ ಅಣುವಿನಷ್ಟು ದಪ್ಪ.

6 ಗ್ರಾಂ ಟೈಟಾನಿಯಂ ಡೈಆಕ್ಸೈಡ್ ಪುಡಿಗೆ ತೆಳು ವಿನೆಗರ್ 9 ಮಿಲಿ. ಒಂದೊಂದೇ ಮಿಲಿ ಹಾಕಿ ಅರೆಯಿರಿ, ಒಟ್ಟಿಗೆ ಸುರಿದರೆ ಗಂಟು. ಗಾಜಿನ ಯಾವ ಬದಿ ವಾಹಕ ಅಂತ ಮಲ್ಟಿಮೀಟರ್‌ನಲ್ಲಿ ನೋಡಿ, ಆ ಬದಿಯ ಅಂಚಿಗೆ ಟೇಪ್ ಹಚ್ಚಿ, ಅರೆದದ್ದನ್ನು ಗಾಜಿನ ಕಡ್ಡಿಯಿಂದ ಒಂದೇ ಸಲಕ್ಕೆ ಎಳೆಯಿರಿ. ಒಣಗಿದ ಮೇಲೆ ಟೇಪ್ ಕಿತ್ತು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಕಾವು ಸಾಲದಿದ್ದರೆ ಕಣಗಳು ಒಂದಕ್ಕೊಂದು ಬೆಸೆಯುವುದಿಲ್ಲ, ತೊಳೆಯುವಾಗ ಪದರ ಸುಣ್ಣದಂತೆ ಉದುರುತ್ತದೆ. ಕಾದ ಗಾಜನ್ನು ತಣ್ಣನೆ ಕಲ್ಲಿನ ಮೇಲಿಟ್ಟರೆ ಟಪ್ ಅಂತ ಸೀಳುತ್ತದೆ. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ!

ಬಣ್ಣಕ್ಕೆಂದು ಕೊಟ್ಟಿರುವ ದಾಸವಾಳದ ಒಣಪುಡಿ ಸಪ್ಪೆ. ಅರೇಬಿಕಾ ಕಾಫಿ ಕೊಯ್ಲಿನ ಹೊತ್ತಾದರೆ ಕಡುಗೆಂಪು ಹಣ್ಣಿನ ಸಿಪ್ಪೆ ಸುಲಿದು ಕೂಡಲೇ ನಿಂಬೆರಸದಲ್ಲಿ ಜಜ್ಜಿ; ತಡಮಾಡಿದರೆ ಕಂದಾಗುತ್ತದೆ. ಇಲ್ಲದಿದ್ದರೆ ನೇರಳೆ ಹಣ್ಣು. ಇವುಗಳ ಕೆಂಪು-ನೇರಳೆ ಬಣ್ಣದ ವಸ್ತು ಆಂಥೋಸಯಾನಿನ್ ಟೈಟಾನಿಯಂ ಡೈಆಕ್ಸೈಡ್‌ಗೆ ಕಚ್ಚಿಕೊಳ್ಳುತ್ತದೆ. ಹಸಿರೆಲೆ ಅರೆದ ರಸ ಅಷ್ಟು ಹಿಡಿಯುವುದಿಲ್ಲ, ಕ್ಲೋರೊಫಿಲ್‌ಗೆ ಅಂಥ ಕೊಂಡಿಯಿಲ್ಲ. ಕಾಯಿಸಿ ತಣಿಸಿದ ಗಾಜನ್ನು ಈ ರಸದಲ್ಲಿ 10 ನಿಮಿಷ ಅದ್ದಿ, ನೀರು, ಆಮೇಲೆ ಆಲ್ಕೋಹಾಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ತಾನೇ ಒಣಗಲಿ ಅಂತ ಬಿಟ್ಟರೆ ಆಯ್ತು ಕಥೆ, ಹೇರ್ ಡ್ರೈಯರ್ ಹಿಡಿಯಿರಿ.

ಸೆಲ್‌ನ ಎರಡನೇ ಗಾಜಿನ ವಾಹಕ ಬದಿಗೆ ಮೇಣದ ಬತ್ತಿಯ ಮಸಿ. ಎರಡನ್ನೂ ಸ್ವಲ್ಪ ಸರಿಸಿ ಎದುರುಬದುರು ಜೋಡಿಸಿ ಕ್ಲಿಪ್ ಹಾಕಿ, ಅಂಚಿನಲ್ಲಿ ಎರಡು ಹನಿ ಅಯೋಡಿನ್ ದ್ರಾವಣ ಬಿಟ್ಟರೆ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಕ್ಲಿಪ್‌ಗೆ ತಾಗಿದ್ದನ್ನು ಒರೆಸದಿದ್ದರೆ ತುಕ್ಕು ಖಂಡಿತ.

ಟೈಟಾನಿಯಂ ಡೈಆಕ್ಸೈಡ್ ಪುಡಿ ಧಾರಾಳವಾಗಿ ಮಿಗುತ್ತದೆ. ಇನ್ನೂ ನಾಲ್ಕು ಗಾಜು ತರಿಸಿ ಒಟ್ಟು ನಾಲ್ಕು ಸೆಲ್ ಸರಣಿಯಲ್ಲಿ ಕಟ್ಟಿದರೆ, ಒಳ್ಳೆ ಬಿಸಿಲಿಗೆ 1.5 ವೋಲ್ಟ್‌ನ ಕ್ಯಾಲ್ಕುಲೇಟರ್ ನಡೆಯುತ್ತದೆ.