ಜೆನ್‌ಗೆ ಯಾವ ಬ್ಯಾಟರಿ? ನಾಲ್ಕು ಹಾಕಿ ನೋಡಿದೆ

ಮಂಡ್ಯದ ಹತ್ತಿರ ನಮ್ಮೂರಲ್ಲಿ ಚಿಕ್ಕಪ್ಪನ ಆಲೆಮನೆ ಇದೆ. ಬೆಲ್ಲ ತೂಗುವ ಅಲ್ಲಿನ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಎರಡು ವರ್ಷದಲ್ಲಿ ನಾಲ್ಕು ಬ್ಯಾಟರಿ ಇಟ್ಟು ತೂಗಿದ್ದೇನೆ. ನಾಲ್ಕೂ ನನ್ನ ಹಳೇ ಮಾರುತಿ ಜೆನ್‌ಗೆ. ಜೆನ್ 1993ರಲ್ಲೇ ಬಂದಿದ್ದು, ನನ್ನದು ಆಮೇಲಿನ, ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ ಎಂಪಿಎಫ್‌ಐ. ಹಿಂದಿನ ಸೀಟು, ಕಾರ್ಪೆಟ್, ಎಸಿ, ಸ್ಟೀರಿಯೊ ಎಲ್ಲಾ ಬಿಚ್ಚಿ, ಮಣ್ಣಿನ ಟ್ರ್ಯಾಕಿಗೆ ಅಂತಲೇ ಇಟ್ಟುಕೊಂಡಿದ್ದೇನೆ. 993 ಸಿಸಿ ಎಂಜಿನ್ ಅಲ್ವಾ, ತೂಕ ಇಳಿಸಿದಷ್ಟೂ ಲಾಭ.

ಮೊದಲು ಮಾಮೂಲಿ 35 ಆ್ಯಂಪ್-ಅವರ್ ಬ್ಯಾಟರಿ. ತಕ್ಕಡಿ ತೋರಿಸಿದ್ದು 9.6 ಕೆ.ಜಿ. ಸೆಲ್ಫ್ ಹೊಡೆದಾಗ ಮಲ್ಟಿಮೀಟರ್‌ನಲ್ಲಿ 10.5 ವೋಲ್ಟ್‌ಗೆ ಇಳಿಯುತ್ತಿತ್ತು (ಇಳಿತ ಕಡಿಮೆ ಇದ್ದಷ್ಟೂ ಒಳ್ಳೆಯದು). ಒಂದು ದಿನವೂ ಕೈಕೊಟ್ಟಿಲ್ಲ. ತೂಕ ಒಂದೇ ತಕರಾರು.

ಆಮೇಲೆ ದುಡ್ಡು ಉಳಿಸೋಣ ಅಂತ ಯುಪಿಎಸ್‌ಗೆ ಹಾಕುವ 18 ಆ್ಯಂಪ್-ಅವರ್ ಸೀಲ್ಡ್ ಬ್ಯಾಟರಿ ತಂದೆ. 5.4 ಕೆ.ಜಿ., ನಾನು ಕೊಟ್ಟಿದ್ದು 2,600 ರೂಪಾಯಿ. ಒಂದೇ ಏಟಿಗೆ ನಾಲ್ಕು ಕೆ.ಜಿ. ಇಳಿಯಿತು, ಖುಷಿಯೋ ಖುಷಿ. ಇದರ ಟರ್ಮಿನಲ್ ಚಿಕ್ಕ ನಟ್-ಬೋಲ್ಟಿನದು. ಕಾರಿನ ಕ್ಲ್ಯಾಂಪ್ ಕೂರುವುದಿಲ್ಲ, ತಾಮ್ರದ ಪಟ್ಟಿ ಮಾಡಿಸಿ ಜೋಡಿಸಿದೆ. ಕಬ್ಬು ಕಡಿದ ಗದ್ದೆಯಲ್ಲಿ ಹತ್ತು ಸುತ್ತು ಹೊಡೆದರೆ ಅದುರಿ ಅದುರಿ ಆ ನಟ್ ಸಡಿಲ. ಅದಕ್ಕಿಂತ ದೊಡ್ಡ ತೊಂದರೆ ಎಂಜಿನ್ ಬಿಸಿಯಾದ ಮೇಲೆ ಕಂಡಿತು. ಸೆಲ್ಫ್ ಹೊಡೆದರೆ ವೋಲ್ಟೇಜ್ 9.2ಕ್ಕೆ ಬೀಳುತ್ತಿತ್ತು, ಕೆಲವು ಸಲ ಬರೀ ಟಕ್ ಟಕ್. ಯುಪಿಎಸ್ ಬ್ಯಾಟರಿ ಸ್ವಲ್ಪ ಕರೆಂಟನ್ನು ನಿಧಾನವಾಗಿ, ತುಂಬಾ ಹೊತ್ತು ಕೊಡೋದಕ್ಕೆ ಮಾಡಿದ್ದು. ಸೆಲ್ಫ್ ಮೋಟಾರು ಒಂದೇ ಎಳೆತಕ್ಕೆ ನೂರು ಆ್ಯಂಪಿಯರ್ ಕೇಳುತ್ತದೆ. ಏಳು ತಿಂಗಳಿಗೆ ಹೋಯಿತು.

ನಮ್ಮ ಗ್ಯಾರೇಜಿನ ಮೆಕ್ಯಾನಿಕ್ ಅಣ್ಣ ಆಗ ಹೇಳಿದ್ದು, "ಮೊದ್ಲು ಸೆಲ್ಫ್ ಹೊಡೆವಾಗ ವೋಲ್ಟೇಜ್ ನೋಡಪ್ಪ, ಕೆ.ಜಿ. ಆಮ್ಯಾಕೆ ನೋಡುವಂತೆ." ಅಂದಿನಿಂದ ಎರಡನ್ನೂ ಒಟ್ಟಿಗೇ ಬರೆದಿಡುತ್ತೇನೆ.

ಮೂರನೆಯದು ಒಡಿಸ್ಸಿ ಪಿಸಿ680, ಎಜಿಎಂ, ಅಂದರೆ ಆಸಿಡನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರುವ ಸೀಲ್ಡ್ ಸೀಸದ ಬ್ಯಾಟರಿ. ಮೈಸೂರಿನ ಗೆಳೆಯನ ಗಾಡಿಯಿಂದ ಬಿಚ್ಚಿ ತಂದು ಎರಡು ಭಾನುವಾರ ಓಡಿಸಿದೆ. 16 ಆ್ಯಂಪ್-ಅವರ್, 7 ಕೆ.ಜಿ. ಆ 680 ಅನ್ನುವುದು ಬಿಸಿಯಲ್ಲಿ ಐದು ಸೆಕೆಂಡು ಕೊಡುವ ಕರೆಂಟಿನ ಲೆಕ್ಕ. ಕೊರೆಯುವ ಚಳಿಯಲ್ಲಿ ಕೊಡುವ ಕರೆಂಟಿನ ಲೆಕ್ಕದಲ್ಲಿ (ಸಿಸಿಎ) ಅದು 170 ಅಷ್ಟೇ. ಹಾಗಂತ ಕಡಿಮೆ ಅಂದುಕೊಳ್ಳಬೇಡಿ, ಸೆಲ್ಫ್ ಹೊಡೆದಾಗ 10.6, ನಮ್ಮ ದೊಡ್ಡ ಬ್ಯಾಟರಿಗಿಂತ ಚೂರು ಜಾಸ್ತಿಯೇ. ಬ್ಯಾಟರಿ ತುಂಬಾ ಚೆನ್ನಾಗಿದೆ. ಆದರೆ ನನ್ನ ಗಾಡಿಯಲ್ಲಿ ಉಳಿಯುವುದು 2.6 ಕೆ.ಜಿ. ಮಾತ್ರ. ಡೀಸೆಲ್ ಗಾಡಿಯಂತೆ 15 ಕೆ.ಜಿ. ಬ್ಯಾಟರಿ ಇರುವವರು ಕಣ್ಣುಮುಚ್ಚಿ ಇದನ್ನೇ ಹಾಕಿಸಬಹುದು. ಜೆನ್, 800, ಆಲ್ಟೊ ಇರುವವರಿಗೆ ಆ ದುಡ್ಡು ದಂಡ ಅಂತಲೇ ನನ್ನ ಅಭಿಪ್ರಾಯ. ಇವುಗಳ ಬ್ಯಾಟರಿ ಮೊದಲೇ ಹಗುರ.

ಕೊನೆಗೆ ಲಿಥಿಯಂ ಐರನ್ ಫಾಸ್ಫೇಟ್. 2.2 ಕೆ.ಜಿ. ಒಂದು ಕೈಯಲ್ಲಿ ಬೆಲ್ಲದ ಅಚ್ಚು ಎತ್ತಿದ ಹಾಗೆ ಎತ್ತಬಹುದು. ಬೆಲೆ ಮಾತ್ರ 17,500. ಸೆಲ್ಫ್ ಹೊಡೆದಾಗ 11.3 ವೋಲ್ಟ್! ಎಂಜಿನ್ ತಿರುಗುವ ಸದ್ದೇ ಬೇರೆ.

ಡಬ್ಬದ ಮೇಲೆ 18 ಆ್ಯಂಪ್-ಅವರ್ ಅಂತ ಇತ್ತು. ಅದು ಸೀಸದ ಬ್ಯಾಟರಿಗೆ ಸಮ ಅನ್ನುವ ಲೆಕ್ಕ. ಒಳಗೆ ನಿಜವಾಗಿ ಇರುವುದು ಅದರ ಮೂರನೇ ಒಂದು ಭಾಗ, 6. ಇದನ್ನು ಸರಿಯಾಗಿ ಓದದೆ ನಾನು ಒದ್ದಾಡಿದೆ. ಗದ್ದೆಯಲ್ಲಿ ಗಾಡಿ ಐದಾರು ಸಲ ಆಫ್ ಆಯಿತು, ರೇಡಿಯೇಟರ್ ಫ್ಯಾನ್ ಓಡುತ್ತಲೇ ಇತ್ತು. ಆಮೇಲೆ ಕೀ ತಿರುಗಿಸಿದರೆ ಟಕ್ ಅನ್ನುವ ಸದ್ದೂ ಇಲ್ಲ. ಡ್ಯಾಶ್‌ಬೋರ್ಡ್ ಕತ್ತಲೆ. ಮೀಟರ್ ಹಿಡಿದರೆ ಸೊನ್ನೆ. 17,500 ಹೋಯಿತು ಅಂತ ಹೊಟ್ಟೆಯಲ್ಲಿ ಸಂಕಟ. ಹೋಗಿರಲಿಲ್ಲ. ಚಾರ್ಜ್ ತೀರಾ ಇಳಿದಾಗ ಸೆಲ್ ಹಾಳಾಗದಿರಲಿ ಅಂತ ಒಳಗಿನ ಕಾವಲು ಸರ್ಕ್ಯೂಟ್ (ಬಿಎಂಎಸ್) ತಾನೇ ಲೈನ್ ಕತ್ತರಿಸುತ್ತದೆ. ಲಿಥಿಯಂ ಚಾರ್ಜರ್ ಹಾಕಿದ ಮೇಲೆ ಎದ್ದಿತು.

ಸೀಸದ ಬ್ಯಾಟರಿ ಸಾಯುವ ಮುಂಚೆ ಮುಲುಗುತ್ತದೆ, ಲೈಟು ಮಂಕಾಗುತ್ತದೆ. ಲಿಥಿಯಂ ಕೊನೆಯವರೆಗೂ ಒಂದೇ ಸಮ ಇದ್ದು ಸುಮ್ನೆ ನಿಂತುಬಿಡುತ್ತದೆ. ಮೀಟರ್ ಓದುವುದನ್ನೂ ಹೊಸದಾಗಿ ಕಲಿಯಬೇಕು. ನಿಂತ ಗಾಡಿಯಲ್ಲಿ 12.8 ಇದ್ದರೆ ಸೀಸದ್ದು ಫುಲ್, ಲಿಥಿಯಂ ಹತ್ತಿರ ಹತ್ತಿರ ಖಾಲಿ. ಇದು ಫುಲ್ ಅಂದರೆ 13.3. ಇನ್ನು ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ನಿಂತಲ್ಲೇ 25 ಮಿಲಿಆ್ಯಂಪಿಯರ್ ಕುಡಿದರೂ ದಿನಕ್ಕೆ 0.6 ಆ್ಯಂಪ್-ಅವರ್ ಹೋಯಿತು. ಹತ್ತೇ ದಿನಕ್ಕೆ ಈ ಬ್ಯಾಟರಿ ಖಾಲಿ. ಬ್ಯಾಟರಿ ಲೈನ್ ಪೂರ್ತಿ ಕತ್ತರಿಸುವ ಕಟಾಫ್ ಸ್ವಿಚ್ ಇಲ್ಲದ ಗಾಡಿಗೆ ಲಿಥಿಯಂ ಹಾಕಲೇಬೇಡಿ. ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎಷ್ಟು ವೋಲ್ಟ್ ಕೊಡುತ್ತಿದೆ ಅಂತಲೂ ಮೊದಲೇ ನೋಡಿ. ನನ್ನದು 14.2, ಅದು ಸರಿ. ರೆಗ್ಯುಲೇಟರ್ ಕೆಟ್ಟು 15 ದಾಟಿದರೆ ಬ್ಯಾಟರಿಗೆ ಕುತ್ತು.

ಬಾನೆಟ್ ಒಳಗಿನ ಶಾಖವೂ ಇದಕ್ಕೆ ಆಗದು. ಡಿಕ್ಕಿಗೆ ಹಾಕೋಣ ಅಂದರೆ 35 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ನಾಲ್ಕು ಮೀಟರ್ ಬೇಕು. ಅದೇ ಒಂದೂವರೆ ಕೆ.ಜಿ. ಮೀರುತ್ತದೆ! ಹಾಗಾಗಿ ಎಡಗಡೆ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಕೂರಿಸಿದೆ. 25ರ ಕೇಬಲ್ ಒಂದೂವರೆ ಮೀಟರ್ ಸಾಕಾಯಿತು, ಅರ್ಧ ಕೆ.ಜಿ.ಯೊಳಗೆ ಮುಗಿಯಿತು. ಎಲ್ಲಾ ಕಳೆದು ಏಳು ಕೆ.ಜಿ. ಉಳಿಯಿತು.

ಈಗ ಗಾಡಿಯಲ್ಲಿರುವುದು ಲಿಥಿಯಂ. ಹಳೇ ಟ್ರೇ, ಹಳೇ ಕೇಬಲ್ ಬಾನೆಟ್ ಒಳಗೆ ಹಾಗೇ ಇವೆ. ಮಾಮೂಲಿ 35 ಆ್ಯಂಪ್-ಅವರ್ ಬ್ಯಾಟರಿ ನಮ್ಮ ಜೊತೆಗೆ ಬರುವ ಪಿಕಪ್‌ನಲ್ಲಿ ಇರುತ್ತದೆ. ಲಿಥಿಯಂ ಖಾಲಿಯಾದರೆ ಬೇರೆ ಬ್ಯಾಟರಿಯಿಂದ ವೈರ್ ಕೊಟ್ಟು ಜಂಪ್ ಮಾಡುವುದಿಲ್ಲ, ಯಾಕೆಂದರೆ ಖಾಲಿ ಲಿಥಿಯಂ ಆಲ್ಟರ್ನೇಟರ್‌ನಿಂದ ಒಂದೇ ಸಲಕ್ಕೆ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತದೆ. ಅದರ ಲೈನ್ ಬಿಚ್ಚಿ ಹಳೆಯದನ್ನು ಕೂರಿಸುತ್ತೇನೆ. ಹತ್ತು ನಿಮಿಷದ ಕೆಲಸ.