ಕಾಳು, ನೀರು, ಗಿಡ: ತೋಟದಲ್ಲಿ ಹಕ್ಕಿ ನೋಡಲು ಯಾವುದು ಮೇಲು?

ತೋಟದ ಮನೆಯಲ್ಲಿದ್ದುಕೊಂಡು, ಎಲ್ಲಿಗೂ ಹೋಗದೆ ಹಕ್ಕಿಗಳನ್ನು ನೋಡಬೇಕೆಂದರೆ ಇರುವ ದಾರಿಗಳು ಮೂರು. ಕಾಳು ಹಾಕಿ ಕರೆಯಬಹುದು, ನೀರಿಟ್ಟು ಕರೆಯಬಹುದು, ಇಲ್ಲವೇ ಗಿಡ ನೆಟ್ಟು ಕಾಯಬಹುದು. ಮೂರನ್ನೂ ಒಂದೇ ತೋಟದಲ್ಲಿ, ಒಂದೇ ಕುರ್ಚಿಯಲ್ಲಿ ಕುಳಿತು, ಬೆಳಗಿನ ಹೊತ್ತು ಟಿಪ್ಪಣಿ ಬರೆದುಕೊಳ್ಳುತ್ತಾ ವರ್ಷಗಟ್ಟಲೆ ನೋಡಿದ್ದೇನೆ. ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಹಿಂದುಮುಂದು ನೋಡದೆ ನೀರನ್ನೇ ಆರಿಸಿಕೊಳ್ಳುತ್ತೇನೆ. ಏಕೆಂದು ಹೇಳುವ ಮೊದಲು ಕಾಳಿನ ವಿಷಯ ಮುಗಿಸುತ್ತೇನೆ, ಏಕೆಂದರೆ ಹೆಚ್ಚಿನವರು ಶುರು ಮಾಡುವುದು ಅಲ್ಲಿಂದಲೇ. ನಾನೂ ಹಾಗೆಯೇ ಶುರು ಮಾಡಿದ್ದು.

ಕಾಳಿನ ತಟ್ಟೆಯ ದೊಡ್ಡ ಗುಣವೆಂದರೆ ಫಲ ಬೇಗ ಸಿಗುವುದು. ಮರದ ಹಲಗೆಯೊಂದನ್ನು ಕಂಬಕ್ಕೆ ಬಿಗಿದು ನವಣೆ ಮತ್ತು ಜೋಳದ ನುಚ್ಚು ಹರಡಿದೆ. ಮೂರನೆಯ ದಿನ ಗುಬ್ಬಚ್ಚಿಗಳು ಬಂದವು. ವಾರ ಕಳೆಯುವಷ್ಟರಲ್ಲಿ ಬೆಳವಗಳು, ರಾಟವಾಳಗಳು, ಅವುಗಳ ಹಿಂದೆಯೇ ಅಳಿಲು. ಹತ್ತಿರದಿಂದ ನೋಡಿದರೆ ಇಲ್ಲಿಯೂ ಸೊಗಸಿದೆ. ರಾಟವಾಳ ಕಾಳನ್ನು ಕೊಕ್ಕಿನ ಅಂಚಿಗೆ ತಂದು, ನಾಲಗೆಯಿಂದ ಉರುಳಿಸಿ, ಸಿಪ್ಪೆಯನ್ನು ಬದಿಯಿಂದ ಉದುರಿಸುತ್ತದೆ. ಬೆಳವಕ್ಕೆ ಆ ತಾಳ್ಮೆಯಿಲ್ಲ; ಇಡೀ ಕಾಳನ್ನೇ ನುಂಗಿ, ಅರೆಯುವ ಕೆಲಸವನ್ನು ಹೊಟ್ಟೆಯೊಳಗಿನ ಕಲ್ಚೀಲಕ್ಕೆ ಬಿಡುತ್ತದೆ.

ಆದರೆ ತಿಂಗಳು ಕಳೆದರೂ ಟಿಪ್ಪಣಿ ಪುಸ್ತಕದಲ್ಲಿ ಅವೇ ನಾಲ್ಕೈದು ಹೆಸರುಗಳು. ಕಾಳು ಹಾಕಿದರೆ ಕಾಳು ತಿನ್ನುವವರು ಬರುತ್ತಾರೆ, ಅಷ್ಟೇ. ತೋಟದಲ್ಲಿ ಓಡಾಡುವ ಹಕ್ಕಿಗಳಲ್ಲಿ ಹೆಚ್ಚಿನವು ಹುಳ, ಹಣ್ಣು ಅಥವಾ ಮಕರಂದದ ಮೇಲೆ ಬದುಕುವಂಥವು. ಮಡಿವಾಳ ಹಕ್ಕಿ ತಟ್ಟೆಯ ಪಕ್ಕದ ಬೇಲಿಯ ಮೇಲೆ ದಿನವೂ ಕುಳಿತು ಹಾಡುತ್ತಿತ್ತು, ಒಂದು ದಿನವಾದರೂ ತಟ್ಟೆಗೆ ಇಳಿಯಲಿಲ್ಲ. ಗುಬ್ಬಚ್ಚಿ ಕೂಡ ತಾನು ಕಾಳು ತಿಂದರೂ ಎಳೆಯ ಮರಿಗಳಿಗೆ ಒಯ್ಯುವುದು ಹುಳುಹುಪ್ಪಟೆಯನ್ನು. ಮರಿಗಳು ಹುಟ್ಟುವ ಕಾಲದಲ್ಲಿ ತಟ್ಟೆ ತುಂಬ ಕಾಳಿದ್ದರೂ ಅವು ಗಿಡಗಳ ಎಲೆಯಡಿ ಹುಡುಕುತ್ತಿದ್ದುದನ್ನು ಕಂಡಾಗಲೇ ನನಗೆ ಈ ದಾರಿಯ ಮಿತಿ ಅರ್ಥವಾದದ್ದು.

ಇನ್ನೊಂದು ತೊಂದರೆ ರಾತ್ರಿಯದು. ನೆಲಕ್ಕೆ ಉದುರಿದ ಕಾಳಿಗೆ ಇಲಿಗಳು ಬಂದವು, ಇಲಿಗಳ ಜಾಡು ಹಿಡಿದು ಕೇರೆಹಾವು ಬಂತು. ಕೇರೆಹಾವಿನ ಬಗ್ಗೆ ನನಗೆ ಗೌರವವೇ ಇದೆ, ಅದರಲ್ಲಿ ವಿಷವಿಲ್ಲ. ಆದರೆ ಇಲಿಯ ಹಿಂದೆ ಯಾವ ಹಾವು ಬರಬೇಕೆಂದು ನಾವು ನಿರ್ಧರಿಸಲಾಗುವುದಿಲ್ಲ. ಕಾಯಿಲೆಯ ಭಯವಂತೂ ಇದಕ್ಕಿಂತ ದೊಡ್ಡದು. ಹತ್ತಾರು ಹಕ್ಕಿಗಳು ಒಂದೇ ಕಡೆ ಮುಗಿಬಿದ್ದು ತಿನ್ನುವಾಗ ಎಂಜಲಿನಿಂದ ರೋಗ ಹರಡುತ್ತದೆ. ಬ್ರಿಟನ್ನಿನಲ್ಲಿ 2005ರ ಹೊತ್ತಿಗೆ ಗ್ರೀನ್‌ಫಿಂಚ್ ಹಕ್ಕಿಗಳಲ್ಲಿ ಟ್ರೈಕೊಮೊನಾಸ್ ಎಂಬ ಪರಾವಲಂಬಿಯ ರೋಗ ಕಾಣಿಸಿಕೊಂಡು, ಮುಂದೆ ಅವುಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಮನೆಯಂಗಳದಲ್ಲಿ ಹಕ್ಕಿಗೆ ಕಾಳಿಡುವ ಜಾಗಗಳು ಆ ರೋಗ ದಾಟುವ ಸೇತುವೆಗಳಾದವು. ಬೂಷ್ಟು ಹಿಡಿದ ಕಡಲೆಕಾಯಿ ಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರುತ್ತದೆ. ಅದು ಹಕ್ಕಿಯ ಯಕೃತ್ತನ್ನೇ ಕೆಡಿಸುತ್ತದೆ. ಕಾಳು ಹಾಕಲೇಬೇಕು ಎನ್ನುವವರು ಒಂದು ದಿನಕ್ಕೆ ಮುಗಿಯುವಷ್ಟನ್ನೇ ಹಾಕಿ, ಹಲಗೆಯನ್ನು ವಾರಕ್ಕೊಮ್ಮೆಯಾದರೂ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಬೇಕು. ತೇವ ಆರಿದರೆ ಆ ಪರಾವಲಂಬಿ ಉಳಿಯುವುದಿಲ್ಲ.

ಈಗ ನೀರು. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು.

ಮೊದಲ ಸಲ ತಪ್ಪು ಮಾಡಿದೆ. ಆಳವಾದ, ನುಣುಪಾದ ಪಿಂಗಾಣಿ ಬೋಗುಣಿ ಇಟ್ಟೆ. ಹಕ್ಕಿಗಳು ಅಂಚಿನಲ್ಲಿ ಕುಳಿತು ಬಗ್ಗಿ ನೋಡಿ ಹೋದವೇ ಹೊರತು ಒಂದೂ ಒಳಗಿಳಿಯಲಿಲ್ಲ. ಅದನ್ನು ತೆಗೆದು ಅಗಲವಾದ, ಒರಟು ಮೈಯ ಮಣ್ಣಿನ ತಟ್ಟೆ ಇಟ್ಟೆ. ಅಂಚಿನಲ್ಲಿ ಒಂದೆರಡು ಸೆಂಟಿಮೀಟರ್, ನಡುವೆ ಐದು ಸೆಂಟಿಮೀಟರ್ ಮೀರದಷ್ಟು ನೀರು, ಮಧ್ಯೆ ಒಂದು ಚಪ್ಪಟೆ ಕಲ್ಲು. ಮರುದಿನವೇ ಪಿಕಳಾರಗಳ ಜೋಡಿ ಇಳಿಯಿತು. ಸಣ್ಣ ಹಕ್ಕಿಗೆ ಕಾಲು ನೆಲಕ್ಕೆ ತಾಗಬೇಕು, ತಾಗಿದ ಕಾಲು ಜಾರಬಾರದು. ಇಷ್ಟನ್ನು ತಿಳಿದುಕೊಳ್ಳಲು ನನಗೆ ಒಂದು ಬೇಸಿಗೆಯೇ ಬೇಕಾಯಿತು.

ಕಾಳು ಕೆಲವರ ಊಟ. ನೀರು ಎಲ್ಲರಿಗೂ ಬೇಕು. ಕಾಳು ತಿನ್ನುವವರಿಗೆ ಒಣ ಆಹಾರವಾದ್ದರಿಂದ ಕುಡಿಯಲು ಬೇಕು. ಹಣ್ಣು, ಹುಳ ತಿನ್ನುವವರಿಗೆ ಆಹಾರದಲ್ಲೇ ಸಾಕಷ್ಟು ನೀರು ಸಿಕ್ಕರೂ ಮೀಯಲು ಬೇಕು. ಹಕ್ಕಿಗಳಿಗೆ ಬೆವರುವ ಗ್ರಂಥಿಗಳಿಲ್ಲ; ಬಿಸಿಲೇರಿದಾಗ ಕೊಕ್ಕು ತೆರೆದು ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತವೆ, ಹಾಗೆ ನೀರು ಕಳೆದುಕೊಳ್ಳುತ್ತವೆ. ಹೀಗಾಗಿ ಕಾಳಿನ ತಟ್ಟೆಯನ್ನು ತಿರುಗಿಯೂ ನೋಡದ ಮಡಿವಾಳ ನೀರಿಗೆ ಬಂತು, ಕಾಜಾಣ ಬಂತು, ಎತ್ತರದ ಕೊಂಬೆ ಬಿಟ್ಟು ಇಳಿಯದ ಕುಟುರ ಕೂಡ ಒಂದು ಮಧ್ಯಾಹ್ನ ಬಂತು.

ಬಂದವರು ಒಬ್ಬೊಬ್ಬರೂ ಒಂದೊಂದು ಬಗೆ. ಪಿಕಳಾರ ಕೊಕ್ಕಿನಲ್ಲಿ ನೀರು ತುಂಬಿಕೊಂಡು ತಲೆಯೆತ್ತಿ ಗಂಟಲಿಗಿಳಿಸುತ್ತದೆ. ಬೆಳವ ಮಾತ್ರ ಕೊಕ್ಕನ್ನು ನೀರಿನಲ್ಲಿ ಅದ್ದಿಟ್ಟು, ತಲೆಯೆತ್ತದೆ ಒಂದೇ ಸಮನೆ ಹೀರುತ್ತದೆ. ಹರಟೆಮಲ್ಲಗಳು ಗುಂಪಾಗಿ ಬಂದರೂ ಎಲ್ಲವೂ ಒಟ್ಟಿಗೆ ಇಳಿಯುವುದಿಲ್ಲ. ಒಂದೆರಡು ಕೊಂಬೆಯ ಮೇಲೆ ಕುಳಿತು ಕಾಯುತ್ತವೆ, ಉಳಿದವು ಕೆಳಗೆ ನೀರು ಚಿಮ್ಮಿಸುತ್ತವೆ. ನಾನು ಅತಿ ಹೆಚ್ಚು ಸಂತೋಷಪಟ್ಟದ್ದು ರಾಜಹಕ್ಕಿಯನ್ನು ಕಂಡ ದಿನ. ಅದು ತಟ್ಟೆಯಲ್ಲಿ ಕಾಲೂರಲೇ ಇಲ್ಲ. ಮೇಲಿನ ರೆಂಬೆಯಿಂದ ನೇರ ನೀರಿಗೆ ಎರಗಿ, ಎದೆ ತೋಯಿಸಿಕೊಂಡು, ಅದೇ ವೇಗದಲ್ಲಿ ರೆಂಬೆಗೆ ಮರಳಿತು. ಉದ್ದನೆಯ ಬಿಳಿ ಬಾಲ ಹಿಂದೆ ಪಟ್ಟಿಯಂತೆ ಬಳುಕಿತು. ಹೀಗೆ ಆರೇಳು ಸಲ. ಆಮೇಲೆ ರೆಂಬೆಯಲ್ಲೇ ಕುಳಿತು ಬಾಲದ ಗರಿಗಳನ್ನು ಒಂದೊಂದಾಗಿ ಕೊಕ್ಕಿನಲ್ಲಿ ಹಿಡಿದು ಬುಡದಿಂದ ತುದಿಯವರೆಗೆ ಎಳೆಯಿತು. ಕಾಲು ಗಂಟೆ ನಾನು ಅಲುಗಾಡಲಿಲ್ಲ. ಕಾಳಿನ ತಟ್ಟೆಯ ಮುಂದೆ ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕುಳಿತ ನೆನಪು ನನಗಿಲ್ಲ.

ನಿಂತ ನೀರಿಗಿಂತ ತೊಟ್ಟಿಕ್ಕುವ ನೀರು ಇನ್ನೂ ಮೇಲು. ಮಡಕೆಯ ತಳದಲ್ಲಿ ಸಣ್ಣ ತೂತು ಮಾಡಿ, ಹತ್ತಿಯ ಬತ್ತಿ ತೂರಿಸಿ, ತಟ್ಟೆಯ ಮೇಲೆ ತೂಗುಹಾಕಿದೆ. ಎರಡು ಸೆಕೆಂಡಿಗೊಂದು ಹನಿ ಬಿದ್ದರೆ ಇಡೀ ದಿನಕ್ಕೆ ಎರಡು ಲೀಟರಿನ ಆಸುಪಾಸು ಸಾಕು. ಹನಿಯ ಸದ್ದು ಮತ್ತು ಮೇಲ್ಮೈಯ ಅಲೆ, ಎರಡೂ ದೂರದ ಹಕ್ಕಿಗಳಿಗೆ ನೀರಿನ ಸುಳಿವು ಕೊಡುತ್ತವೆ. ಸೂರಕ್ಕಿ ಮತ್ತು ಬೆಳ್ಗಣ್ಣ ತಟ್ಟೆಗೆ ಬರುವುದು ಅಪರೂಪ. ಅವು ಒದ್ದೆ ಎಲೆಗಳ ಮೇಲೆ ಹೊರಳಾಡಿ ಮೀಯುತ್ತವೆ. ಅವಕ್ಕಾಗಿ ಪಕ್ಕದ ಪೊದೆಗೆ ಬೆಳಿಗ್ಗೆ ಒಂದಿಷ್ಟು ನೀರು ಸಿಂಪಡಿಸುವುದು ಈಗ ನನ್ನ ರೂಢಿ.

ನೀರಿಗೂ ದೋಷಗಳಿವೆ, ಮುಚ್ಚಿಡುವುದಿಲ್ಲ. ಬೆಚ್ಚಗಿನ ದಿನಗಳಲ್ಲಿ ಸೊಳ್ಳೆಯ ಮೊಟ್ಟೆ ವಾರ, ಹತ್ತು ದಿನಗಳಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಆದ್ದರಿಂದ ಎರಡು ದಿನಕ್ಕೊಮ್ಮೆ ನೀರು ಚೆಲ್ಲಬೇಕು. ಚೆಲ್ಲಿದರಷ್ಟೇ ಸಾಲದು, ಅಂಚನ್ನು ಉಜ್ಜಲೂ ಬೇಕು, ಏಕೆಂದರೆ ಈಡಿಸ್ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಮಟ್ಟದ ಮೇಲಿನ ಒದ್ದೆ ಗೋಡೆಗೆ. ಕೊಳೆತ ನೀರಿನಿಂದಲೂ ರೋಗ ಹರಡುತ್ತದೆ. ಬೆಕ್ಕಿನ ಭಯ ಬೇರೆ. ರೆಕ್ಕೆ ತೊಯ್ದ ಹಕ್ಕಿ ಥಟ್ಟನೆ ಹಾರಲಾರದು. ಮೊದಲು ನನ್ನ ತಟ್ಟೆ ದಟ್ಟ ಪೊದೆಗೆ ತಾಗಿಕೊಂಡಿತ್ತು. ಒಂದು ಬೆಳಿಗ್ಗೆ ಅಲ್ಲಿ ಪಿಕಳಾರದ ಗರಿಗಳಷ್ಟೇ ಉಳಿದಿದ್ದವು. ಆ ನೋವು ಇನ್ನೂ ಹೋಗಿಲ್ಲ. ಅಂದಿನಿಂದ ತಟ್ಟೆಯನ್ನು ಪೊದೆಯಿಂದ ಎರಡು ಮೂರು ಮೀಟರ್ ದೂರ, ಬಯಲಿನಲ್ಲಿ ಇಟ್ಟಿದ್ದೇನೆ. ತಲೆಯ ಮೇಲೆ ಓಡಿಹೋಗಿ ಕೂರಲು ಒಂದು ಕೊಂಬೆ ಮಾತ್ರ ಇದೆ.

ಗಿಡಗಳ ದಾರಿ ನಿಧಾನದ್ದು. ನೆಟ್ಟ ಮೊದಲ ವರ್ಷ ನೋಡಲು ಏನೂ ಇಲ್ಲ. ಗಸಗಸೆ ಹಣ್ಣಿನ ಮರ ಮಾತ್ರ ಇದಕ್ಕೆ ಹೊರತು. ಎರಡನೆಯ ವರ್ಷಕ್ಕೇ ಕೆಂಪು ಹಣ್ಣು ಬಿಟ್ಟು ಪಿಕಳಾರ, ಕೋಗಿಲೆ, ಬದನಿಕೆ ಹಕ್ಕಿಗಳನ್ನೆಲ್ಲ ಕರೆತಂದಿತು, ಕತ್ತಲಾದ ಮೇಲೆ ಬಾವಲಿಗಳನ್ನೂ. ದಾಸವಾಳಕ್ಕೆ ಸೂರಕ್ಕಿ ಬರುತ್ತದೆ, ಆದರೆ ಹೂವಿನ ಬಾಯಿಂದಲ್ಲ. ಬುಡವನ್ನು ಕೊಕ್ಕಿನಿಂದ ಚುಚ್ಚಿ ಮಕರಂದ ಕದಿಯುತ್ತದೆ. ದಾಸವಾಳದ ಬುಡದಲ್ಲಿ ಸಣ್ಣ ತೂತು ಕಂಡರೆ ಸೂರಕ್ಕಿ ಬಂದುಹೋಗಿರಬಹುದೆಂದು ತಿಳಿಯಿರಿ.

ಗಿಡಗಳು ಕೊಡುವ ನಿಜವಾದ ಆಹಾರ ಹೂವೂ ಅಲ್ಲ, ಹಣ್ಣೂ ಅಲ್ಲ, ಹುಳ. ಕೀಟನಾಶಕ ಹೊಡೆಯುವುದನ್ನು ನಿಲ್ಲಿಸಿದ ವರ್ಷ ನಿಂಬೆ ಗಿಡದ ಎಲೆಗಳೆಲ್ಲ ತೂತಾದವು. ಅದೇ ವರ್ಷ ಟುವ್ವಿ ಹಕ್ಕಿ ಪಕ್ಕದ ಗಿಡದ ಅಗಲ ಎಲೆಯ ಅಂಚುಗಳಿಗೆ ತೂತು ಹಾಕಿ, ನಾರು ಮತ್ತು ಜೇಡರ ನೂಲಿನಿಂದ ಹೊಲಿದು ಗೂಡು ಕಟ್ಟಿತು. ನಿಂಬೆ ಗಿಡದ ಕಂಬಳಿಹುಳುಗಳು ಒಂದೊಂದಾಗಿ ಆ ಗೂಡಿಗೆ ಹೋದವು. ಅಮೆರಿಕದ ಚಿಕಡೀ ಎಂಬ ಪುಟ್ಟ ಹಕ್ಕಿ ಒಂದು ಸೂಲಿನ ಮರಿಗಳನ್ನು ಗೂಡಿನಲ್ಲಿ ಬೆಳೆಸಲು 6,000ದಿಂದ 9,000 ಕಂಬಳಿಹುಳುಗಳನ್ನು ಹಿಡಿದು ತರುತ್ತದೆಂದು ಲೆಕ್ಕ ಹಾಕಿದ್ದಾರೆ. ಯಾವ ತಟ್ಟೆಯಲ್ಲಿ ಅಷ್ಟನ್ನು ಬಡಿಸಲು ಸಾಧ್ಯ? ಒಣಗಿದ ಕೊಂಬೆಯೊಂದನ್ನು ಕಡಿಯದೆ ಬಿಟ್ಟದ್ದಕ್ಕೆ ಕುಟುರ ಅದರಲ್ಲಿ ಪೊಟರೆ ಕೊರೆಯಿತು. ಗುಡಿಸದೆ ಬಿಟ್ಟ ತರಗೆಲೆಯಲ್ಲಿ ಹರಟೆಮಲ್ಲಗಳು ದಿನವೂ ಕೆದಕುತ್ತವೆ.

ಮೂರನ್ನೂ ರಾತ್ರಿ ಹೋಲಿಸಲು ಚಲನೆಗೆ ಚಾಲೂ ಆಗುವ ಕ್ಯಾಮೆರಾ ಕಟ್ಟಿ ನೋಡಿದೆ. ಅದು ಬಿಸಿ ಮೈಯ ಚಲನೆಯನ್ನು ಗುರುತಿಸುವ ಸಾಧನ; ಸುಡುವ ಮಧ್ಯಾಹ್ನ ಸುತ್ತಲೂ ಅಷ್ಟೇ ಬಿಸಿಯಿರುವುದರಿಂದ ಸಣ್ಣ ಹಕ್ಕಿಗಳು ಅದರ ಕಣ್ಣಿಗೆ ಬೀಳುವುದೇ ಕಷ್ಟ. ರಾತ್ರಿ ಮಾತ್ರ ಸಮರ್ಥ. ಕಾಳಿನ ಹಲಗೆಯ ಬಳಿ ಸಿಕ್ಕಿದ್ದು ಇಲಿ, ಇಲಿ, ಮತ್ತೆ ಇಲಿ. ಹಣ್ಣಿನ ಮರದಡಿ ಬಾವಲಿಯ ರೆಕ್ಕೆಯ ಮಸುಕು. ನೀರಿನ ತಟ್ಟೆಯ ಬಳಿ ಮೊಲ, ಪುನುಗು ಬೆಕ್ಕು, ಮಳೆಯ ಮುನ್ನಾದಿನ ತಟ್ಟೆಯಲ್ಲೇ ಕುಳಿತ ಕಪ್ಪೆ.

ದುರ್ಬೀನಿನ ವಿಷಯದಲ್ಲಿ ಚರ್ಚೆಯೇ ಬೇಡ: ತೋಟಕ್ಕೆ 10 ಪಟ್ಟಿನದಕ್ಕಿಂತ 8 ಪಟ್ಟಿನದೇ ಒಳ್ಳೆಯದು. ನೋಟದ ಹರವು ಹೆಚ್ಚು, ಕೈ ನಡುಕ ಕಡಿಮೆ ಕಾಣುತ್ತದೆ. ಎರಡು ಮೀಟರ್ ಹತ್ತಿರದ ವಸ್ತುವೂ ಸ್ಪಷ್ಟವಾಗುವಂಥದ್ದನ್ನು ಆರಿಸಿಕೊಳ್ಳಿ. ಕಿಟಕಿಯ ಒಳಗಿನಿಂದ ನೋಡುವವರು ತಟ್ಟೆಯನ್ನು ಗಾಜಿನಿಂದ ಒಂದು ಮೀಟರಿನೊಳಗೆ ಇಡಿ, ಇಲ್ಲವೇ ಹತ್ತು ಮೀಟರ್ ದಾಟಿಸಿ. ನಡುವಿನ ದೂರದಲ್ಲಿಟ್ಟರೆ ಬೆದರಿ ಹಾರಿದ ಹಕ್ಕಿ ಪೂರ್ಣ ವೇಗದಲ್ಲಿ ಗಾಜಿಗೆ ಅಪ್ಪಳಿಸುತ್ತದೆ. ಗಾಜಿನ ಹೊರಮೈಯಲ್ಲಿ ಐದೈದು ಸೆಂಟಿಮೀಟರಿಗೆ ಒಂದರಂತೆ ಚುಕ್ಕಿ ಇಟ್ಟರೆ ಇನ್ನೂ ಕ್ಷೇಮ.

ಕಾಳಿನ ಹಲಗೆಯನ್ನು ನಾನು ತೆಗೆದು ಎರಡು ವರ್ಷವಾಯಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ಅವರಿಗೆ ಇವತ್ತೇ ಹಕ್ಕಿ ತೋರಿಸಬೇಕೆಂದಿದ್ದರೆ ಅದನ್ನು ಇಡಿ, ತಪ್ಪೇನಿಲ್ಲ, ಸ್ವಚ್ಛವಾಗಿಡಿ. ಅಂಗಳವಷ್ಟೇ ಇದೆ, ನೆಡಲು ನೆಲವಿಲ್ಲ ಎನ್ನುವವರು ನೀರಿಡಿ. ನೆಲವಿದ್ದವರು ನೀರಿಟ್ಟ ದಿನವೇ ಗಿಡವನ್ನೂ ನೆಡಿ, ಏಕೆಂದರೆ ನೀರಿಗೆ ಒಂದು ಸೋಲು ಇದ್ದೇ ಇದೆ. ಮಳೆ ಹಿಡಿದ ಮೇಲೆ ಎಲ್ಲೆಲ್ಲೂ ನೀರು, ತಟ್ಟೆಯನ್ನು ಕೇಳುವವರಿಲ್ಲ. ಆಗ ನನ್ನ ಕುರ್ಚಿ ಗಸಗಸೆ ಮರದ ಕಡೆಗೆ ತಿರುಗುತ್ತದೆ.