ಇ-ಸಾಂಖ್ಯಿಕಿ ಪೋರ್ಟಲ್: ಧಾರವಾಡದ ಓದುಗರಿಗೆ, ಹುಬ್ಬಳ್ಳಿ ಪೇಟೆಗೆ ಜಿಡಿಪಿ ಅಂಕಿ ಎಷ್ಟು ಕೈಗೆಟಕುತ್ತದೆ?

2023-24ರಲ್ಲಿ ದೇಶದ ಜಿಡಿಪಿ ಎಷ್ಟು ಬೆಳೆಯಿತು? ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್, ಬ್ಯಾಂಕ್ ಪರೀಕ್ಷೆಗೆ ಕೂತವರು ಈ ಪ್ರಶ್ನೆಗೆ ಶೇ 7.3, 7.6, 8.2, 9.2 ಎಂಬ ನಾಲ್ಕು ಉತ್ತರಗಳನ್ನು ಕಾಣಬಹುದು. ನಾಲ್ಕೂ ಸರ್ಕಾರವೇ ಕೊಟ್ಟವು. 2024ರ ಜನವರಿಯ ಮೊದಲ ಮುಂಗಡ ಅಂದಾಜು 7.3, ಫೆಬ್ರುವರಿಯ ಎರಡನೇ ಮುಂಗಡ ಅಂದಾಜು 7.6, ಮೇ ತಿಂಗಳ ತಾತ್ಕಾಲಿಕ ಅಂದಾಜು 8.2, ಮರುವರ್ಷ ಫೆಬ್ರುವರಿಯ ಮೊದಲ ಪರಿಷ್ಕೃತ ಅಂದಾಜು 9.2. ಯಾವ ಅಂಕಿ ಯಾವ ಹಂತದ್ದು ಎಂದು ತಿಳಿಯದೆ ಬರೆದಿಟ್ಟುಕೊಂಡ ಟಿಪ್ಪಣಿ ಕೈಕೊಡುತ್ತದೆ.

ಕೇಂದ್ರ ಅಂಕಿಅಂಶ ಸಚಿವಾಲಯ 2024ರ ಜೂನ್ 29ರಂದು, ಅಂಕಿಅಂಶ ದಿನದಂದೇ, ಶುರು ಮಾಡಿದ ಇ-ಸಾಂಖ್ಯಿಕಿ ಪೋರ್ಟಲ್‌ನ ದೊಡ್ಡ ಉಪಯೋಗ ಇಲ್ಲಿಯೇ ಇದೆ. ರಾಷ್ಟ್ರೀಯ ಲೆಕ್ಕದ ವಿಭಾಗಕ್ಕೆ ಹೋಗಿ, ಮೊದಲು ಆಧಾರ ವರ್ಷ (ಯಾವ ವರ್ಷದ ಬೆಲೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೋ ಅದು), ಆಮೇಲೆ ಸೂಚಕ, ಆಮೇಲೆ ವಾರ್ಷಿಕವೋ ತ್ರೈಮಾಸಿಕವೋ ಎಂದು ಆರಿಸಿದರೆ ಕೋಷ್ಟಕ ಬರುತ್ತದೆ. ಅದರಲ್ಲಿ ಅಂಕಿ ಯಾವ ಹಂತದ್ದು ಎಂದು ತೋರಿಸುವ ‘ರಿವಿಷನ್’ ಎಂಬ ಕಾಲಂ ಇದೆ. ಕಣ್ಣು ಮೊದಲು ಅಲ್ಲಿಗೇ ಹೋಗಬೇಕು. ಡೌನ್‌ಲೋಡಿಗೆ ದುಡ್ಡಿಲ್ಲ, ಅಂಕಿಗಳು ಕೋಟಿ ರೂಪಾಯಿಯಲ್ಲಿವೆ.

ಅಂಕಿ ಇಷ್ಟು ಸಲ ಬದಲಾಗುವುದೇಕೆ? ನವಲಗುಂದ, ನರಗುಂದದ ಎರೆಹೊಲಗಳನ್ನೇ ನೋಡಿ. ಜನವರಿ ಮೊದಲ ವಾರ ಅಂದಾಜು ಹೊರಬೀಳುವಾಗ ಹಿಂಗಾರಿ ಕಡಲೆ, ಬಿಳಿಜೋಳ ಇನ್ನೂ ಹೊಲದಲ್ಲೇ ನಿಂತಿರುತ್ತವೆ. ಬೆಳೆ ಕಟಾವು ಪ್ರಯೋಗಕ್ಕೆ ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕು ಗುರುತಿಸಿ, ಕೊಯ್ದು, ಒಕ್ಕಿ, ತೂಗುತ್ತಾರೆ. ಆ ತೂಕ ಬರುವುದೇ ಆಮೇಲೆ. ಕಂಪನಿಗಳ ಪೂರ್ತಿ ಲೆಕ್ಕಪತ್ರ, ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆ ಇನ್ನೂ ತಡ. ಅಲ್ಲಿಯವರೆಗೆ ಕೈಗೆ ಸಿಕ್ಕ ಸೂಚಕಗಳ ಮೇಲೆ ಲೆಕ್ಕ ಎಳೆಯುತ್ತಾರೆ: ಜಿಎಸ್‌ಟಿ ವಸೂಲಿ, ಬ್ಯಾಂಕ್ ಸಾಲ ಮತ್ತು ಠೇವಣಿ, ರೈಲ್ವೆ ಸರಕಿನ ಟನ್-ಕಿಲೋಮೀಟರ್. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆ ಸಾಗಿಸುವ ಸರಕೂ ಅದರೊಳಗೇ ಸೇರಿತು. ಆದ್ದರಿಂದ ಪರಿಷ್ಕರಣೆಯನ್ನು ಮೋಸ ಎನ್ನುವುದು ತಪ್ಪು. ತಡವಾಗಿ ಬಂದ ನಿಜವಾದ ತೂಕ ಅಂದಾಜಿನ ಜಾಗಕ್ಕೆ ಬಂದು ಕೂರುತ್ತದೆ, ಅಷ್ಟೇ.

ಎರಡನೇ ಎಡವಟ್ಟು ಬೆಲೆಯ ಕಾಲಂನಲ್ಲಿ. ಒಂದು ಚಾಲ್ತಿ ಬೆಲೆಯದು, ಇನ್ನೊಂದು ಸ್ಥಿರ ಬೆಲೆಯದು. ಬ್ಯಾಡಗಿ ಮೆಣಸಿನಕಾಯಿಯಿಂದ ಇದು ಚೆನ್ನಾಗಿ ತಿಳಿಯುತ್ತದೆ. ಲೆಕ್ಕಕ್ಕಾಗಿ ಇಟ್ಟುಕೊಳ್ಳಿ: ಕಳೆದ ವರ್ಷ 100 ಕ್ವಿಂಟಲ್, ದರ 20,000. ಈ ವರ್ಷ 90 ಕ್ವಿಂಟಲ್, ದರ 30,000. ಚಾಲ್ತಿ ಬೆಲೆಯಲ್ಲಿ 20 ಲಕ್ಷ ಇದ್ದದ್ದು 27 ಲಕ್ಷ ಆಯಿತು, ಶೇ 35 ಏರಿಕೆ. ಹಳೆಯ ದರದಲ್ಲೇ ತೂಗಿದರೆ 18 ಲಕ್ಷ, ಶೇ 10 ಇಳಿಕೆ. ಅಡತಿ ಅಂಗಡಿಯ ಲಾಭಕ್ಕೆ ಮೊದಲನೆಯದು ಸರಿ, ಉತ್ಪಾದನೆ ಬೆಳೆಯಿತೋ ಇಲ್ಲವೋ ಎಂಬುದಕ್ಕೆ ಎರಡನೆಯದೇ ಬೇಕು. ಇದೇ ಲೆಕ್ಕ ದೇಶಕ್ಕೂ. 2011-12 ಸರಣಿಯ ತಾತ್ಕಾಲಿಕ ಅಂದಾಜಿನಲ್ಲಿ 2024-25ರ ಜಿಡಿಪಿ ಚಾಲ್ತಿ ಬೆಲೆಗೆ 330.68 ಲಕ್ಷ ಕೋಟಿ, ಸ್ಥಿರ ಬೆಲೆಗೆ 187.97 ಲಕ್ಷ ಕೋಟಿ. ಬೆಳವಣಿಗೆ ಕ್ರಮವಾಗಿ ಶೇ 9.8 ಮತ್ತು 6.5. 1.098ನ್ನು 1.065ರಿಂದ ಭಾಗಿಸಿದರೆ ಬೆಲೆಯ ಏರಿಕೆ ಸುಮಾರು ಶೇ 3.1 ಎಂದು ಸಿಗುತ್ತದೆ. ಇದು ಕಿರಾಣಿ ಅಂಗಡಿಯ ಹಣದುಬ್ಬರ ಅಲ್ಲ. ಇದರಲ್ಲಿ ಸಗಟು ಬೆಲೆಯ ಪಾಲು ದೊಡ್ಡದು, ಹಾಗಾಗಿ ಗ್ರಾಹಕ ಬೆಲೆ ಸೂಚ್ಯಂಕದ ಜೊತೆ ತಾಳೆಯಾಗುವುದಿಲ್ಲ.

ಜಿಡಿಪಿ ಜೊತೆಗೆ ಜಿವಿಎ, ಅಂದರೆ ಒಟ್ಟು ಮೌಲ್ಯವರ್ಧನೆಯ ಸಾಲನ್ನೂ ಇಳಿಸಿಕೊಳ್ಳಿ. ಜಿವಿಎಗೆ ಉತ್ಪನ್ನಗಳ ಮೇಲಿನ ತೆರಿಗೆ ಕೂಡಿಸಿ, ಸಬ್ಸಿಡಿ ಕಳೆದರೆ ಜಿಡಿಪಿ. 2023ರ ಅಕ್ಟೋಬರ್-ಡಿಸೆಂಬರ್‌ನಲ್ಲಿ ಮೊದಲು ಪ್ರಕಟವಾದ ಜಿಡಿಪಿ ಬೆಳವಣಿಗೆ ಶೇ 8.4, ಜಿವಿಎ 6.5 ಮಾತ್ರ. ಸಬ್ಸಿಡಿ ಇಳಿದದ್ದು ಆ ಅಂತರಕ್ಕೆ ದೊಡ್ಡ ಕಾರಣ.

ಕೊರತೆಗಳೂ ಇವೆ. ಹಂಗಾಮಿನ ಏರಿಳಿತ ತೆಗೆದ ತ್ರೈಮಾಸಿಕ ಅಂಕಿ ಇಲ್ಲ. ಹಾಗಾಗಿ ಏಪ್ರಿಲ್-ಜೂನ್ ಅನ್ನು ಅದರ ಹಿಂದಿನ ಜನವರಿ-ಮಾರ್ಚ್ ಜೊತೆ ಇಟ್ಟು ‘ಆರ್ಥಿಕತೆ ಕುಸಿಯಿತು’ ಎನ್ನಬೇಡಿ. ಹಿಂದಿನ ವರ್ಷದ ಅದೇ ತ್ರೈಮಾಸಿಕದ ಜೊತೆ ಮಾತ್ರ ಹೋಲಿಸಿ. ಬ್ಯಾಡಗಿ ಪೇಟೆಯ ಫೆಬ್ರುವರಿ ಆವಕವನ್ನು ಆಗಸ್ಟ್ ಆವಕದ ಜೊತೆ ಯಾರೂ ತೂಗುವುದಿಲ್ಲವಲ್ಲ. ಆಧಾರ ವರ್ಷ 2011-12ರದ್ದನ್ನೂ ಹೊಸ 2022-23ರದ್ದನ್ನೂ ಒಂದೇ ಎಕ್ಸೆಲ್ ಕಾಲಂಗೆ ಅಂಟಿಸಿದರೆ ಕೂಡಿದ ಜಾಗದಲ್ಲಿ ಸುಳ್ಳು ಜಿಗಿತ ಹುಟ್ಟುತ್ತದೆ. ತಲೆಬರಹಗಳು ಕನ್ನಡದಲ್ಲಿ ಇಲ್ಲದಿರುವುದು ನಿಜಕ್ಕೂ ಬೇಸರದ ಸಂಗತಿ. ‘ಕಾನ್‌ಸ್ಟಂಟ್ ಪ್ರೈಸ್’ ಎಂದರೆ ಸ್ಥಿರ ಬೆಲೆ ಎಂದು ಗೊತ್ತಿಲ್ಲದ ಬಿಎ ವಿದ್ಯಾರ್ಥಿ ಅರ್ಧದಲ್ಲೇ ಪುಟ ಮುಚ್ಚುತ್ತಾನೆ.

ಗದಗ, ಹಾವೇರಿ, ಧಾರವಾಡದ ಆದಾಯ ಈ ರಾಷ್ಟ್ರೀಯ ಕೋಷ್ಟಕದಲ್ಲಿ ಸಿಗುವುದಿಲ್ಲ. ಅದಕ್ಕೆ ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಜಿಲ್ಲಾ ಆದಾಯದ ಅಂದಾಜು ಬೇಕು. ಬಜೆಟ್ ಹೊತ್ತಿಗೆ ಬರುವ ಕರ್ನಾಟಕ ಆರ್ಥಿಕ ಸಮೀಕ್ಷೆಯಲ್ಲಿ ಅದು ಕನ್ನಡದಲ್ಲೇ ಸಿಗುತ್ತದೆ. ಅಲ್ಲಿನ ಹಲವು ವಲಯಗಳ ಅಂಕಿ ರಾಜ್ಯದ ಮೊತ್ತವನ್ನು ಸೂಚಕಗಳ ಆಧಾರದಲ್ಲಿ ಜಿಲ್ಲೆಗಳಿಗೆ ಹಂಚಿದ್ದು, ಆದ್ದರಿಂದ ದಶಮಾಂಶದವರೆಗೆ ಜಗಳ ಬೇಡ.

ಪೋರ್ಟಲ್‌ಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ತ್ರೈಮಾಸಿಕ ಅಂಕಿ ಬರುವ ದಿನ, ಸಂಜೆ 4ರ ನಂತರ ನೋಡಲು, ಅದೇ ಸಚಿವಾಲಯ 2025ರಲ್ಲಿ ತಂದ ಗೋಐಸ್ಟ್ಯಾಟ್ಸ್ ಆ್ಯಪ್ ಮೊಬೈಲಿನಲ್ಲಿ ಸಾಕು. ಹತ್ತು ವರ್ಷದ ಸಾಲು ಬೇಕಾದರೆ ಪೋರ್ಟಲ್‌ಗೇ ಹೋಗಿ, ಇಳಿಸಿದ ದಿನಾಂಕವನ್ನು ಫೈಲಿನ ಹೆಸರಿನಲ್ಲಿ ಬರೆದಿಡಿ. ಆ ದಿನದ ಪತ್ರಿಕಾ ಪ್ರಕಟಣೆಯ ಪಿಡಿಎಫ್ ಕೂಡ ಜೊತೆಗಿರಲಿ. ಮುಂದಿನ ಫೆಬ್ರುವರಿಯಲ್ಲಿ ಅದೇ ವರ್ಷದ ಅಂಕಿ ಬೇರೆಯಾಗಿ ಬಂದಾಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತದೆ.